ಚೆನ್ನಾಗಿ ವಿಚಾರಿಸ್ಕೊಳ್ಳಿ

ದೊಡ್ಡಣ್ಣನವರ ಮನೆಗೆ ಹೋದವರು ಯಾರೂ ಹಸಿದ ಹೊಟ್ಟೆಯಲ್ಲಿ ವಾಪಸು ಬಂದದ್ದಿಲ್ಲ. ಬಸ್ ಡಿಪೋದ ಕಾರ್ಮಿಕ ಸಂಘದ ಅಧ್ಯಕ್ಷರ ಮನೆ ಎಂದಮೇಲೆ ಬಾಗಿಲು ಮುಚ್ಚುವ ಪ್ರಶ್ನೆಯೇ ಇರಲಿಲ್ಲ. ರಜೆ ಸಿಗದ ಕಂಡಕ್ಟರ್, ಸಸ್ಪೆಂಡಾದ ಡ್ರೈವರ್, ಅಣ್ಣತಮ್ಮಂದಿರ ಜಗಳಕ್ಕೆ ನ್ಯಾಯ ಕೇಳಲು ಬಂದ ಮೆಕ್ಯಾನಿಕ್, "ಸುಮ್ನೆ ಈ ಕಡೆ ಹೋಗ್ತಿದ್ದೆ" ಎಂದು ಸರಿಯಾಗಿ ಊಟದ ಹೊತ್ತಿಗೇ ಹಾಯುವ ಜಾಣರು, ಎಲ್ಲರೂ ಬರುತ್ತಿದ್ದರು. ಬಂದವರ ಕಷ್ಟ ಕೇಳುವ ಮೊದಲು ದೊಡ್ಡಣ್ಣ ಅಡುಗೆಮನೆಯ ಕಡೆ ತಿರುಗಿ ಒಂದು ಮಾತು ಕೂಗುತ್ತಿದ್ದರು: "ಬಂದೋರನ್ನ ಚೆನ್ನಾಗಿ ವಿಚಾರಿಸ್ಕೊಳ್ಳಿ!"

ಹೆಂಡತಿ ಇರುವ ತನಕ ಆಕೆ ವಿಚಾರಿಸಿಕೊಂಡರು. ಆಕೆ ತೀರಿಕೊಂಡ ಮೇಲೆ ಆ ಸೌಟು ಮಗಳು ಪುಟ್ಟಿಯ ಕೈಗೆ ಬಂತು. ಒಲೆಯ ಮೇಲಿನ ಪಾತ್ರೆಯೊಳಗೆ ಇಣುಕಲು ಮಣೆ ಹಾಕಿಕೊಂಡು ನಿಲ್ಲಬೇಕಾದ ವಯಸ್ಸು ಅವಳದು. ತಟ್ಟೆಯಲ್ಲಿ ಅನ್ನ ಮುಗಿಯುವುದಕ್ಕೆ ಮುಂಚೆ ಪಕ್ಕದಲ್ಲಿ ನಿಂತು "ಸಾಕಾ? ಇನ್ನೂ ಸ್ವಲ್ಪ ಹಾಕ್ಲಾ?" ಎನ್ನುವಳು. ಸಾಕು ಎಂದರೂ ಹಾಕುವಳು. ಇಡೀ ಡಿಪೋ ದೊಡ್ಡಣ್ಣನವರನ್ನು ನೀವು, ತಾವು ಎಂದು ಕರೆಯುವಾಗ ಅವಳೊಬ್ಬಳು ಮಾತ್ರ "ಅಪ್ಪಾ, ನೀನು ಸುಮ್ನಿರು, ಉಣ್ಣು ಮೊದ್ಲು" ಎಂದು ಗದರುತ್ತಿದ್ದಳು. ಆ ‘ನೀನು’ ಕೇಳಿದಾಗ ಅಧ್ಯಕ್ಷರ ಮುಖ ಬೆಣ್ಣೆಯಾಗುತ್ತಿತ್ತು. ಮದುವೆಯಾಗಿ ಹೋದಮೇಲೂ ಅದು ಬದಲಾಗಲಿಲ್ಲ.

ಅದೇ ಮಾತಿಗೆ ಡಿಪೋದ ಗೇಟಿನ ಒಳಗೆ ಇನ್ನೊಂದು ಅರ್ಥವಿತ್ತು. ಒಮ್ಮೆ ಬಸ್ಸಿನ ಟ್ಯಾಂಕಿನಿಂದ ಡೀಸೆಲ್ ಕದಿಯುತ್ತಿದ್ದವನೊಬ್ಬ ಸಿಕ್ಕಿಬಿದ್ದ. ಪೊಲೀಸರಿಗೆ ಫೋನ್ ಮಾಡಿದ ದೊಡ್ಡಣ್ಣ ಮೀಸೆಯಲ್ಲೇ ನಗುತ್ತ, "ಅವರು ಬರೋ ತನಕ ಇವನನ್ನ ಸ್ವಲ್ಪ ವಿಚಾರಿಸ್ಕೊಳ್ರಪ್ಪ" ಎಂದರು. ಪೊಲೀಸರು ಬಂದಾಗ ಆ ಮನುಷ್ಯ ಅವರನ್ನು ಸ್ವಂತ ಮಾವನ ಮನೆಯವರಂತೆ ಅಪ್ಪಿಕೊಂಡನಂತೆ. ಡಿಪೋದಲ್ಲಿ ಈ ಕಥೆ ಹೇಳಿ ಹೇಳಿ ನಕ್ಕಿದ್ದಾರೆ. ದೊಡ್ಡಣ್ಣನೂ ನಕ್ಕಿದ್ದಾರೆ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವವರಿಗೆ ಇಂಥ ಮಾತು ಬಹಳ ಅನುಕೂಲ. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ನಾಯಕರಾದವರು ಇಂಥ ಒಂದೆರಡು ಮಾತನ್ನು ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ. ಅದು ಜೇಬನ್ನೇ ಸುಡುವ ದಿನ ಬರುತ್ತದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಎಲ್ಲ ಸರಿಯಾಗಿಯೇ ಇತ್ತು, ‘ಬಸ್ಸಿಗೆ ಒಬ್ಬನೇ ಸಾಕು’ ಎಂಬ ಯೋಜನೆ ಬರುವ ತನಕ. ಡ್ರೈವರೇ ಬಾಗಿಲಲ್ಲಿ ಟಿಕೆಟ್ ಕೊಡುವುದು, ಕಂಡಕ್ಟರ್ ಎಂಬ ಹುದ್ದೆಯನ್ನೇ ನಿಧಾನವಾಗಿ ಇಲ್ಲವಾಗಿಸುವುದು. ಕೂಡದು ಎಂದರೆ ಕೂಡದು ಎಂದರು ದೊಡ್ಡಣ್ಣ. ಡ್ರೈವರುಗಳು ಬೇರೆ ಲೆಕ್ಕ ಹಾಕಿದರು. ಇವತ್ತಲ್ಲ ನಾಳೆ ಇದು ಬಂದೇ ಬರುತ್ತದೆ, ಕಂಡಕ್ಟರುಗಳಿಗೆ ಡಿಪೋದಲ್ಲೇ ಬೇರೆ ಕೆಲಸ ಕೊಡಿಸಿಕೊಂಡು ಈಗಲೇ ಒಪ್ಪಿದರೆ ಮರ್ಯಾದೆಯಾದರೂ ಉಳಿಯುತ್ತದೆ ಎಂದರು. ಅದು ಅಷ್ಟೇನೂ ಕೆಟ್ಟ ಮಾತಲ್ಲ. ಆದರೆ ಆ ಮಾತನ್ನು ಹೇಳಿದವನು ದೊಡ್ಡಣ್ಣನವರ ಸ್ವಂತ ಅಳಿಯ, ಪುಟ್ಟಿಯ ಗಂಡ.

ಅವನನ್ನು ಸಂಘಕ್ಕೆ ತಂದವರು ದೊಡ್ಡಣ್ಣನೇ. ಗೇಟಿನ ಮುಂದೆ ನಿಂತು ಭಾಷಣ ಮಾಡುವುದು ಹೇಗೆ ಎಂದು ಕಲಿಸಿದವರೂ ಅವರೇ. "ಮೊದ್ಲು ಜನರ ಕೆಮ್ಮು ನಿಲ್ಲಲಿ. ಕೆಮ್ಮು ನಿಂತ ಮೇಲೆ ನೀನು ಬಾಯಿ ತೆಗಿ" ಎಂದು ಹೇಳಿಕೊಟ್ಟಿದ್ದರು. ಅವನ ಮಾತು, ನಿಯತ್ತು ಎರಡನ್ನೂ ಮೆಚ್ಚಿ ಮಗಳನ್ನೂ ಕೊಟ್ಟಿದ್ದರು. ಈಗ ಅವನು ಗುರುವಿಗೇ ತಿರುಮಂತ್ರ ಹಾಕಿದ. ಸಂಘ ಒಡೆಯಿತು. ಒಂದೇ ಕಟ್ಟಡದಲ್ಲಿ ನಡುವೆ ಪ್ಲೈವುಡ್ ಹಲಗೆ ಹೊಡೆದು ಎರಡು ಕೋಣೆ ಮಾಡಿಕೊಂಡರು. ಎರಡಕ್ಕೂ ಅದೇ ಹೆಸರು. ಇವರ ಬೋರ್ಡಿನ ಮೇಲೆ ‘ಮೂಲ’ ಎಂದು ಸೇರಿತು, ಅವರ ಬೋರ್ಡಿನ ಮೇಲೆ ‘ನಿಜವಾದ’ ಎಂದು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯಿತು! ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ದುಡಿದ ಡ್ರೈವರ್, ಕಂಡಕ್ಟರ್ ಜೋಡಿಗಳು ಬೇರೆ ಬೇರೆ ಬೆಂಚು ಹಿಡಿದವು. ಇವನ ಅಪ್ಪನಿಗೆ ಹುಷಾರಿಲ್ಲದಾಗ ಅವನು ರಕ್ತ ಕೊಟ್ಟಿದ್ದ, ಅದೆಲ್ಲ ಮರೆತುಹೋಯಿತು. ಕ್ಯಾಂಟೀನಿನವನು ಮಾತ್ರ ಎರಡೂ ಕಡೆಯವರಿಗೆ ಅದೇ ನೀರುನೀರು ಟೀ ಕೊಟ್ಟು ಪಕ್ಷಾತೀತನಾಗಿ ಉಳಿದ.

ದೊಡ್ಡಣ್ಣನವರಿಗೆ ಸಂಘ ಒಡೆದದ್ದಕ್ಕಿಂತ ಹೆಚ್ಚು ನೋವಾದದ್ದು ಒಂದು ಸಭೆಯಲ್ಲಿ. ಎಂದಿನಂತೆ ಗದ್ದಲ ನಿಲ್ಲಿಸಲು ಬಲಗೈ ಮೇಲೆತ್ತಿದರು. ಮೊದಲಾದರೆ ಆ ಕೈ ಮೇಲೆ ಹೋಗುವಷ್ಟರಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಅವತ್ತು ಯಾರೂ ನಿಲ್ಲಿಸಲಿಲ್ಲ. ಕೈ ಮೇಲೆಯೇ ಇತ್ತು, ಜನ ಮಾತಾಡುತ್ತಲೇ ಇದ್ದರು. ಕೊನೆಗೆ ಅವರು ಆ ಕೈಯಿಂದ ತಲೆ ಕೆರೆದುಕೊಂಡು ಇಳಿಸಿದರು. ಅವರ ಪಕ್ಕದಲ್ಲೇ ಕೂತಿದ್ದ ಟೈರ್ ವಿಭಾಗದ ಕುಳ್ಳ ಅದನ್ನು ನೋಡಿ ತಲೆ ತಗ್ಗಿಸಿದ. ದೊಡ್ಡಣ್ಣನವರಿಗೆ ಪ್ರಾಣ ಕೊಡುತ್ತೇನೆ ಎನ್ನುತ್ತಿದ್ದವನು ಅವನು. ಅಂಥವನ ಕಣ್ಣಲ್ಲಿ ತಮ್ಮ ಬಗ್ಗೆ ಕನಿಕರ ಕಾಣುವುದಕ್ಕಿಂತ ಬೇರೆ ಶಿಕ್ಷೆ ಬೇಡ ಎನಿಸಿತು ಅವರಿಗೆ.

ಆಮೇಲೆ ಮುಷ್ಕರ. ಡಿಪೋದ ಗೇಟಿನ ಪಕ್ಕ ಟಾರ್ಪಾಲಿನ್ ಕಟ್ಟಿ, ಇಟ್ಟಿಗೆಯ ಒಲೆ ಹೂಡಿ ‘ಮೂಲ’ ಸಂಘದವರು ಕೂತರು. ಕಂಡಕ್ಟರುಗಳು, ವರ್ಕ್‌ಶಾಪಿನವರು ಇಲ್ಲಿ. ಅಲ್ಲಿ ರಸ್ತೆಯಾಚೆ, ಒಪ್ಪಂದ ಬರಹದಲ್ಲಿ ಸಿಗುವ ತನಕ ಗಾಡಿ ತೆಗೆಯುವುದಿಲ್ಲ ಎಂದ ಡ್ರೈವರುಗಳ ಗುಂಪು ಮರದ ಕೆಳಗೆ. ಎರಡೂ ಕಡೆ ಬಿಸಿಲು ಒಂದೇ. ಕುಳ್ಳ ಅಡುಗೆಯ ಉಸ್ತುವಾರಿ ವಹಿಸಿಕೊಂಡಿದ್ದ. ಬಿಸಿ ಪಾತ್ರೆ ಇಳಿಸಲು ಸರಿಯಾದ ಸಾಮಾನಿಲ್ಲದೆ ಅವನೂ ಇನ್ನಿಬ್ಬರೂ ತಮ್ಮ ವಿಭಾಗದ ಟೈರ್ ಲಿವರುಗಳನ್ನೇ, ಮೊಳದುದ್ದದ ಆ ಕಬ್ಬಿಣದ ಪಟ್ಟಿಗಳನ್ನೇ, ಪಾತ್ರೆಯ ಕಿವಿಗೆ ತೂರಿಸಿ ಎತ್ತುತ್ತಿದ್ದರು.

ಆ ಮಧ್ಯಾಹ್ನ ಅನ್ನದ ಪಾತ್ರೆ ಆಗಷ್ಟೇ ಇಳಿದಿತ್ತು. ಅಳಿಯ ಒಬ್ಬನೇ ರಸ್ತೆ ದಾಟಿ ಬಂದ.

"ಮಾವ," ಎಂದ ಅವನು. ಆಮೇಲೆ ಸುತ್ತ ಇದ್ದವರನ್ನು ನೋಡಿ ತಿದ್ದಿಕೊಂಡ. "ಅಧ್ಯಕ್ಷರೇ, ನಾಳೆ ಬೆಳಗ್ಗೆ ನಮ್ಮೋರು ಗಾಡಿ ತೆಗೀತಾರೆ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗೋದು ಬೇಡ ಅಂತ ನಾನೇ ಬಂದೆ."

"ನಿಮ್ಮೋರು ಅಂದ್ರೆ?"

"ಡ್ರೈವರ್‌ಗಳಲ್ಲಿ ಮುಕ್ಕಾಲು ಪಾಲು. ಇವತ್ತು ಒಪ್ಪಂದಕ್ಕೆ ಸಹಿ ಆಯ್ತು."

"ಯಾರನ್ನ ಕೇಳಿ ಸಹಿ ಹಾಕಿದೆ?"

"ಅವರನ್ನ ಕೇಳಿ."

ಆ ಉತ್ತರದಲ್ಲಿ ಸೊಕ್ಕಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಆದರೆ ‘ನಿಮ್ಮನ್ನು ಕೇಳಬೇಕಾಗಿಲ್ಲ’ ಎಂಬುದು ಆ ಮಾತಿನ ಬೆನ್ನಿಗೇ ಇತ್ತು, ಅಲ್ಲಿದ್ದ ಎಲ್ಲರಿಗೂ ಕೇಳಿಸಿತು. ಅವರೆಲ್ಲ ಈಗ ದೊಡ್ಡಣ್ಣನವರ ಮುಖ ನೋಡುತ್ತಿದ್ದರು. ಬಹಳ ದಿನಗಳ ಮೇಲೆ ಎಲ್ಲರೂ ಒಟ್ಟಿಗೇ ಅವರ ಬಾಯಿಂದ ಏನು ಬರುತ್ತದೆ ಎಂದು ಕಾಯುತ್ತಿದ್ದರು. ಕೆಮ್ಮು ನಿಂತಿತ್ತು.

"ಇರ್ಲಿ. ಊಟದ ಹೊತ್ತಿಗೆ ಬಂದಿದೀಯ," ಎಂದರು ದೊಡ್ಡಣ್ಣ. "ಏ ಕುಳ್ಳ, ನಮ್ಮ ಅಳಿಯಂದಿರನ್ನ ಚೆನ್ನಾಗಿ ವಿಚಾರಿಸ್ಕೊಳ್ಳಿ. ನಾನು ಕೈ ತೊಳೆದು ಬರ್ತೀನಿ."

ಅದು ಬಾಯಿಂದ ಹೊರಡುವಾಗ ಊಟದ ಮಾತೇ ಆಗಿತ್ತು. ಮೂವತ್ತು ವರ್ಷ ಮನೆ ಬಾಗಿಲಲ್ಲಿ ಕೂಗಿದ ಮಾತು, ನಾಲಿಗೆ ತಾನಾಗಿಯೇ ಆಡಿತ್ತು. ದೇವರಾಣೆಗೂ ಅಷ್ಟು ಮಾತ್ರ ನಿಜ. ಆದರೆ ಅವರು ಬೆನ್ನು ತಿರುಗಿಸಿದಾಗ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಡೀಸೆಲ್ ಕಳ್ಳನ ಕಥೆಗೆ ನಗುತ್ತಿದ್ದ ನಗು ಅದು. ದೊಡ್ಡಣ್ಣನವರಿಗೆ ಆ ನಗು ಕೇಳಿಸಿತು, ಅದರ ಅರ್ಥವೂ ಆಯಿತು. ತಿರುಗಿ "ಏಯ್, ಊಟಕ್ಕೆ ಕೂರಿಸ್ರೋ" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅವರು ತಿರುಗಲಿಲ್ಲ. ಗೇಟಿನ ಪಕ್ಕದ ಕಾವಲು ಕೋಣೆಯ ಒಳಗೆ ಹೋಗಿ ನಲ್ಲಿ ತಿರುಗಿಸಿದರು.

ಮೊದಲು ಪಾತ್ರೆಯ ಮುಚ್ಚಳ ಉರುಳಿದ ಸದ್ದು. ಆಮೇಲೆ "ಏನ್ರೋ ಇದು" ಎಂದ ಅಳಿಯನ ದನಿ. ಆಮೇಲೆ ಒಂದು ಪೆಟ್ಟು. ಪೆಟ್ಟಿನ ಸದ್ದು ಬೇರೆ ಯಾವುದರ ಹಾಗೂ ಇರುವುದಿಲ್ಲ, ಒಮ್ಮೆ ಕೇಳಿದವರು ಮರೆಯುವುದಿಲ್ಲ. ದೊಡ್ಡಣ್ಣ ನಲ್ಲಿ ನಿಲ್ಲಿಸಿದರು. ಮೊಳೆಗೆ ಹಾಕಿದ್ದ ಟವೆಲ್ ತೆಗೆದುಕೊಂಡು ಕೈ ಒರೆಸತೊಡಗಿದರು. ಬೆರಳು ಬೆರಳಿನ ಸಂದಿಯನ್ನೂ ಒರೆಸಿದರು. ಆ ಹೊತ್ತಿನಲ್ಲಿ ಅವರ ಮನಸ್ಸಿನಲ್ಲಿ ಇದ್ದದ್ದು ಕೋಪ ಎಂದರೆ ಸುಳ್ಳಾಗುತ್ತದೆ. ಕೋಪವಾಗಿದ್ದರೆ ಇಷ್ಟು ನಾಚಿಕೆಯ ವಿಷಯವಾಗುತ್ತಿರಲಿಲ್ಲ. ಅವರಿಗೆ ಹಿತವಾಗಿತ್ತು. ನನ್ನ ಮಾತು ಇನ್ನೂ ನಡೆಯುತ್ತದೆ ಎಂದು ಹಿತವಾಗಿತ್ತು. ಅಷ್ಟೇ. ಅಷ್ಟಕ್ಕೇ ಅವರು ಒಣಗಿದ ಕೈಯನ್ನೇ ಮತ್ತೊಮ್ಮೆ ಒರೆಸಿದರು.

ಹೊರಗೆ ಬಂದು "ಬಿಡ್ರೋ!" ಎಂದರು.

ತಕ್ಷಣ ಬಿಟ್ಟರು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಸೂಜಿ ಬಿದ್ದರೂ ಕೇಳಿಸುವ ಹಾಗಿತ್ತು. ಅಳಿಯ ಚೆಲ್ಲಿದ ಅನ್ನದ ನಡುವೆ ಪಕ್ಕಕ್ಕೆ ಬಿದ್ದಿದ್ದ, ಕಿವಿಯಿಂದ ರಕ್ತ ಕತ್ತಿಗೆ ಇಳಿಯುತ್ತಿತ್ತು. ಕುಳ್ಳ ಲಿವರ್ ಹಿಡಿದುಕೊಂಡೇ ಏದುಸಿರು ಬಿಡುತ್ತ ದೊಡ್ಡಣ್ಣನವರನ್ನು ನೋಡಿದ. ಹೇಳಿದ ಕೆಲಸ ಅಚ್ಚುಕಟ್ಟಾಗಿ ಮಾಡಿದವನ ಮುಖ ಅದು.

"ಸಾಕಾ, ಅಣ್ಣ?" ಎಂದು ಕೇಳಿದ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಪುಟ್ಟಿ ಅಪ್ಪನನ್ನು ಕಂಡವಳೇ ಎದ್ದು ಬಂದಳು. ಅವಳು ಮಕ್ಕಳ ಶಾಲೆಯ ಟೀಚರು; ಬೆರಳುಗಳಲ್ಲಿ ಇನ್ನೂ ಬಣ್ಣದ ಸೀಮೆಸುಣ್ಣ ಮೆತ್ತಿತ್ತು. ಅತ್ತಿರಲಿಲ್ಲ. ಎರಡು ಕೈಯಲ್ಲೂ ಅವರ ಕೈ ಹಿಡಿದುಕೊಂಡು ಕೇಳಿದಳು:

"ಅಪ್ಪಾ, ಎಲ್ಲರೂ ಏನೇನೋ ಹೇಳ್ತಿದಾರೆ. ನೀನು ಹೇಳು. ನೀನು ಊಟಕ್ಕೆ ತಾನೇ ಹೇಳಿದ್ದು?"

"ಹೂಂ ಪುಟ್ಟಿ. ಊಟಕ್ಕೇ."

"ಅಷ್ಟು ಸಾಕು ನನಗೆ," ಎಂದಳು. ಅಷ್ಟು ಸಾಕಾಗದೆ ಅವರ ಮುಖವನ್ನೇ ಇನ್ನೊಂದು ಗಳಿಗೆ ನೋಡಿದ್ದರೆ ಚೆನ್ನಾಗಿತ್ತೇನೋ. ಆದರೆ ಅವಳು ನಂಬಿಕೊಂಡಳು. ಸುಮ್ಮನೆ ನಂಬಲಿಲ್ಲ, ಆ ನಂಬಿಕೆಗಾಗಿ ಊರ ತುಂಬ ಜಗಳವಾಡಿದಳು. ಗಂಡನ ಕಡೆಯ ಡ್ರೈವರುಗಳು ಬಂದು "ನಿಮ್ಮಪ್ಪನೇ ಹೊಡೆಸಿದ್ದು" ಎಂದಾಗ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು. ಅತ್ತೆ "ರಕ್ತ ರಕ್ತಾನೇ ಎಳೆಯತ್ತೆ ಬಿಡು" ಎಂದು ಚುಚ್ಚಿದಾಗ ಒಂದು ವಾರ ಮಾತು ಬಿಟ್ಟಳು. ಗಂಡನನ್ನು ಮಾತ್ರ ಒಪ್ಪಿಸಬೇಕಾಗಲಿಲ್ಲ. ಅವನು ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು, "ಮಾವ ಹಾಗೆ ಮಾಡೋರಲ್ಲ. ಪ್ಲೈವುಡ್ ಹೊಡೆದಮೇಲೂ ಅವರು ನನ್ನನ್ನ ಊಟಕ್ಕೆ ಕರೆಯೋದು ಬಿಟ್ಟಿರಲಿಲ್ಲ" ಎಂದನಂತೆ. ಎಡಗಿವಿ ಪೂರ್ತಿ ಹೋಗಿತ್ತು. ಕಿವಿ ಕೇಳದವನಿಗೆ ಬಸ್ ಕೊಡುವುದಿಲ್ಲ, ಸ್ಟೇರಿಂಗೂ ಹೋಯಿತು.

ವಿಚಾರಣೆಗೆ ಒಂದು ಸಮಿತಿ ಬಂತು. ನೋಡಿ, ಇದಕ್ಕೂ ಅದೇ ಮಾತು! ಸಮಿತಿಯಲ್ಲಿ ಇಬ್ಬರು ಅಧಿಕಾರಿಗಳು, ಜೊತೆಗೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಹೇಳಿಕೊಡುವ ಒಬ್ಬ ಮೇಡಂ. ಗುಂಪುಗಳು ಯಾಕೆ ಹೊಡೆದಾಡುತ್ತವೆ ಎಂಬುದೇ ಅವರ ಓದು. ಡಿಪೋದ ಸ್ಟೋರ್ ರೂಮಿನಲ್ಲಿ ಮೇಜು ಹಾಕಿ, ಹಳೆಯ ಹೆಡ್‌ಲೈಟುಗಳ ರಾಶಿಯ ನಡುವೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು.

ಕುಳ್ಳ ಮರೆಮಾಚಲಿಲ್ಲ. "ಅಣ್ಣ ವಿಚಾರಿಸ್ಕೊಳ್ಳಿ ಅಂದ್ರು. ವಿಚಾರಿಸ್ಕೊಂಡ್ವಿ. ಡಿಪೋದಲ್ಲಿ ಅದಕ್ಕೆ ಏನರ್ಥ ಅಂತ ಯಾರನ್ನ ಬೇಕಾದ್ರೂ ಕೇಳಿ ಸಾರ್."

ಪುಟ್ಟಿ ಕರೆಯದಿದ್ದರೂ ಬಂದು ಹೇಳಿದಳು. "ನಮ್ಮ ಮನೇಲಿ ಆ ಮಾತಿಗೆ ಇರೋದು ಒಂದೇ ಅರ್ಥ. ಹುಟ್ಟಿದಾಗಿಂದ ಕೇಳಿದೀನಿ. ಆ ಮಾತಿಗೆ ನಾನು ಎಷ್ಟು ಜನಕ್ಕೆ ಬಡಿಸಿದೀನಿ ಅಂತ ಈ ಡಿಪೋದಲ್ಲಿ ಇರೋರನ್ನೇ ಕೇಳಿ. ಅವರೆಲ್ಲ ನನ್ನ ಕೈಯ ಊಟ ಮಾಡಿದೋರೇ." ಬಾಗಿಲಲ್ಲಿ ನಿಂತು ಕೇಳಿದವರಲ್ಲಿ ಕೆಲವರು ನೆಲ ನೋಡಿದರು.

ದೊಡ್ಡಣ್ಣ ಹೇಳಿದ್ದೂ ಅದೇ. ಊಟ ಹಾಕಿ ಎಂದೆ, ಅವರು ತಪ್ಪು ತಿಳಿದರು. ಅಕ್ಷರ ಅಕ್ಷರವೂ ನಿಜವಾದ ಹೇಳಿಕೆ. ಅಧಿಕಾರಿಗಳು ತಲೆಯಾಡಿಸಿ ಬರೆದುಕೊಂಡರು. ಮೇಡಂ ಬರೆಯಲಿಲ್ಲ.

"ನೀವು ಬಿಡಿ ಅಂದ ತಕ್ಷಣ ಬಿಟ್ಟುಬಿಟ್ರಂತಲ್ಲ?" ಎಂದು ಮೆತ್ತಗೆ ಕೇಳಿದರು.

"ಹೌದು."

"ಮಾತಿಗೆ ಏನರ್ಥ ಅನ್ನೋದು ಹೇಳಿದವರ ಕೈಲೂ ಇರಲ್ಲ, ಕೇಳಿದವರ ಕೈಲೂ ಇರಲ್ಲ. ಅದು ಅವರಿಬ್ಬರ ಮಧ್ಯೆ ಎಲ್ಲೋ ಇರತ್ತೆ. ಅದನ್ನ ನಾನು ಕೇಳ್ತಿಲ್ಲ. ಬಿಡಿ ಅನ್ನೋಕೆ ಮುಂಚೆ ನೀವು ಎಲ್ಲಿದ್ರಿ?"

"ಒಳಗೆ. ಕೈ ತೊಳೀತಿದ್ದೆ."

ಬಾಗಿಲ ಬಳಿ ಯಾರೋ ಮೂಗಿನಲ್ಲಿ ನಕ್ಕರು. ಮೇಡಂ ನಗಲಿಲ್ಲ. "ಸರಿ" ಎಂದು ಮುಂದಿನವರನ್ನು ಕರೆದರು. ಅವರ ವರದಿಯಲ್ಲಿ ಏನು ಬರೆದರೋ, ಅದನ್ನು ಡಿಪೋದಲ್ಲಿ ಯಾರೂ ಓದಲಿಲ್ಲ. ದೊಡ್ಡಣ್ಣನವರಿಗೆ ಮಾತ್ರ ಆ ಪ್ರಶ್ನೆ ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು, ಅತ್ತ ಇಳಿಯಲಿಲ್ಲ, ಇತ್ತ ಬರಲಿಲ್ಲ.

ಕುಳ್ಳನಿಗೂ ಇನ್ನಿಬ್ಬರಿಗೂ ಕೆಲಸ ಹೋಗಿ ಜೈಲಾಯಿತು. ವ್ಯಾನು ಹತ್ತುವ ಮುನ್ನ ಅವನು ದೊಡ್ಡಣ್ಣನವರ ಹತ್ತಿರ ಬಂದು ನಿಂತ. "ಅಣ್ಣ, ನಿಜವಾಗ್ಲೂ ಊಟಕ್ಕೇ ಹೇಳಿದ್ರಾ?" ಎಂದ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅವನೇ ತಲೆ ಕೆರೆದುಕೊಂಡು, "ಹಾಗಾದ್ರೆ ತಪ್ಪು ನಮ್ಮದೇ ಬಿಡಿ. ಹೆಡ್ಡನನ್ಮಗ ನಾನು" ಎಂದು ನಕ್ಕು ವ್ಯಾನು ಹತ್ತಿದ. ಅವನನ್ನು ಹೆಡ್ಡನನ್ನಾಗಿ ಮಾಡಿ ಕಳಿಸಿದವರು ರಸ್ತೆಯಲ್ಲಿ ನಿಂತು ನೋಡಿದರು. ಇನ್ನೂ ಕೂಗಿ ಹೇಳಬಹುದಿತ್ತು. ವ್ಯಾನು ತಿರುವಿನಲ್ಲಿ ಮರೆಯಾಗುವ ತನಕವೂ ಹೇಳಬಹುದಿತ್ತು.

ಮುಷ್ಕರ ಮುರಿದುಬಿತ್ತು. ಆಡಳಿತದವರು ‘ಮೂಲ’ವನ್ನೂ ‘ನಿಜವಾದ’ದ್ದನ್ನೂ ಒಂದೇ ಏಟಿಗೆ ರದ್ದು ಮಾಡಿ, ಒಪ್ಪಂದವನ್ನೂ ಹರಿದು ಹಾಕಿದರು. ಇಬ್ಬರ ಜಗಳ ಮೂರನೆಯವರಿಗೆ ಲಾಭ. ಕಂಡಕ್ಟರುಗಳಿಗೆಂದು ಅಳಿಯ ಅದರಲ್ಲಿ ಬರೆಸಿದ್ದ ಬೇರೆ ಕೆಲಸವೂ ಸಿಗಲಿಲ್ಲ. ಪ್ಲೈವುಡ್ ಹಲಗೆ ಕಿತ್ತು ಆ ಕೋಣೆಯಲ್ಲಿ ಟಿಕೆಟ್ ಯಂತ್ರಗಳನ್ನು ತುಂಬಿದರು. ದೊಡ್ಡಣ್ಣನವರ ಮನೆಗೆ ಬರುವವರು ಒಬ್ಬೊಬ್ಬರಾಗಿ ನಿಂತರು. ಕೂಗುವುದಕ್ಕೆ ಅಡುಗೆಮನೆಯಲ್ಲೂ ಯಾರೂ ಇರಲಿಲ್ಲ. ಒಬ್ಬರೇ ಅನ್ನ ಮಾಡಿಕೊಂಡು, ಒಬ್ಬರೇ ಉಂಡು, ನಲ್ಲಿಯ ಕೆಳಗೆ ಕೈ ಹಿಡಿದರೆ ತೆಗೆಯುವುದೇ ಮರೆತುಹೋಗುತ್ತಿತ್ತು.

ಪುಟ್ಟಿ ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದಳು. "ನೀನೇ ಒಂದ್ಸಲ ನಮ್ಮನೆಗೆ ಬಾ ಅಪ್ಪಾ. ಅವರೂ ಕರೀತಿದಾರೆ. ಎಷ್ಟು ದಿನ ಅಂತ ಮುಖ ತಪ್ಪಿಸ್ತೀಯ? ತಪ್ಪು ಮಾಡಿದೋರು ಯಾರೋ, ನಾಚಿಕೆ ಪಡೋನು ನೀನು" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಅವರು ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತಿದ್ದರು. ಹೇಳಿದರೆ ಉಳಿದಿರುವ ಒಬ್ಬಳೂ ಹೋಗುತ್ತಾಳೆ ಎಂದು ಮುಚ್ಚುತ್ತಿದ್ದರು. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಹೊರಟರು. ಬಸ್ಸಿನ ಬಾಗಿಲಲ್ಲಿ ಡ್ರೈವರೇ ಟಿಕೆಟ್ ಕೊಟ್ಟ. ಅವರನ್ನು ಗುರುತಿಸಲಿಲ್ಲ.

ಮಗಳ ಮನೆ ಮೂರನೆಯ ಮಹಡಿಯಲ್ಲಿ, ಎರಡೇ ಕೋಣೆ. ಕಿಟಕಿಯ ಪಕ್ಕ ಊಟದ ಮೇಜು, ಅದರ ಮೇಲೆ ತಿದ್ದಬೇಕಾದ ಮಕ್ಕಳ ಚಿತ್ರಗಳು. ಅಳಿಯ ಎದ್ದು ಬಂದು ಕೈ ಹಿಡಿದು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದ. ಅದು ಅವನ ಎಡಗಡೆಯ ಕುರ್ಚಿ. ಕಿವಿ ಹೋದಮೇಲೆ ಅವನ ದನಿ ದೊಡ್ಡದಾಗಿತ್ತು, ಪಕ್ಕದಲ್ಲಿ ಕೂತವರ ಹತ್ತಿರವೂ ರಸ್ತೆಯಾಚೆಯವರನ್ನು ಕರೆದಂತೆ ಮಾತಾಡುತ್ತಿದ್ದ. ಈಗ ಅವನಿಗೆ ಪ್ರಯಾಣಿಕರು ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನಿನ ಕೋಣೆಯಲ್ಲಿ ಕೆಲಸ.

"ಛತ್ರಿ ಬಿಟ್ಟು ಹೋಗೋದು ಗೊತ್ತಿತ್ತು ಮಾವ. ಹಲ್ಲಿನ ಸೆಟ್ಟು ಬಿಟ್ಟು ಹೋಗ್ತಾರೆ ಅಂದ್ರೆ ನಂಬ್ತೀರಾ? ಮೊನ್ನೆ ಒಬ್ಬರು ಬಂದ್ರು. ಅವರು ಹಲ್ಲಿಲ್ಲದ ಬಾಯಲ್ಲಿ ಹೇಳ್ತಾರೆ, ನಾನು ಇಲ್ಲದ ಕಿವೀಲಿ ಕೇಳ್ತೀನಿ. ಅರ್ಧ ಗಂಟೆ ಆಯ್ತು ವ್ಯವಹಾರ ಮುಗಿಯೋಕೆ!"

ಗಟ್ಟಿಯಾಗಿ ನಕ್ಕ. ದೊಡ್ಡಣ್ಣನೂ ನಗಲು ನೋಡಿದರು. ಅವನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ಇವರಿಗೆ ಎಷ್ಟೋ ಸುಲಭವಾಗುತ್ತಿತ್ತು. ಪುಟ್ಟಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ಇಬ್ಬರನ್ನೂ ನೋಡುತ್ತಿದ್ದಳು. ತಾನು ಊರೆಲ್ಲ ಜಗಳವಾಡಿದ್ದು ಇದೇ ನೋಟಕ್ಕಾಗಿ ಎನ್ನುವ ಹಾಗಿತ್ತು ಅವಳ ಮುಖ.

ಅವಳನ್ನು ಕಂಡು ಅಳಿಯ ಮೇಜಿಗೆ ಅಂಗೈಯಿಂದ ಒಂದು ಪೆಟ್ಟು ಹೊಡೆದು ದೊಡ್ಡ ದನಿಯಲ್ಲಿ ಕೂಗಿದ: "ಏನ್ ನೋಡ್ತಾ ನಿಂತಿದೀಯ? ನಿಮ್ಮಪ್ಪ ಬಂದಿದಾರೆ, ಚೆನ್ನಾಗಿ ವಿಚಾರಿಸ್ಕೋ!"

"ಬೇಡ!"

ದೊಡ್ಡಣ್ಣ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದರು. ಎರಡು ಕೈಯೂ ಮುಂದೆ ಬಂದಿದ್ದವು, ಯಾರನ್ನೋ ತಡೆಯುವವರ ಹಾಗೆ. ಕಣ್ಣು ಮಾತ್ರ ಅಳಿಯನ ಎಡಗಿವಿಯ ಮೇಲೆ, ಹೊಲಿಗೆಯ ಗುರುತು ಕೂದಲೊಳಗೆ ಹೋಗುವ ಜಾಗದ ಮೇಲೆ ನಿಂತಿತ್ತು.

ಅಳಿಯ ಅದನ್ನು ನೋಡಲಿಲ್ಲ. ಒಂದು ಬೇಡ ಮಾತ್ರ ಅವನಿಗೆ ಅರ್ಧಂಬರ್ಧ ಕೇಳಿಸಿತ್ತು. "ಬೇಡ ಅಂದ್ರೆ ಹೇಗೆ ಮಾವ? ಇಷ್ಟು ದಿನ ಆದಮೇಲೆ ಬಂದಿದೀರಿ, ಊಟ ಮಾಡದೆ ಬಿಡ್ತೀವಾ?" ಎಂದು ನಗುತ್ತ ಮಕ್ಕಳ ಚಿತ್ರಗಳನ್ನು ಮೇಜಿನಿಂದ ಎತ್ತಿಡತೊಡಗಿದ.

ಪುಟ್ಟಿ ನೋಡಿದಳು. ಅವಳು ಬಾಗಿಲಲ್ಲೇ ನಿಂತಿದ್ದಳು. ಅಪ್ಪನ ಕೈಗಳನ್ನು ನೋಡಿದಳು, ಅವರ ಕಣ್ಣು ಎಲ್ಲಿದೆ ಎಂದು ನೋಡಿದಳು. ನಮ್ಮ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥ ಎಂದು ಊರೆದುರು ಹೇಳಿದವಳು. ಒಂದೇ ಅರ್ಥ ಗೊತ್ತಿದ್ದವರು ಆ ಮಾತಿಗೆ ಹೀಗೆ ಬೆಚ್ಚುವುದಿಲ್ಲ.

ದೊಡ್ಡಣ್ಣ ನಿಧಾನವಾಗಿ ಕೂತರು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡರು.

ಅವಳು ತಟ್ಟೆ ತಂದಳು. ಗಂಡನಿಗೆ ಬಡಿಸಿದಳು, ಅಪ್ಪನಿಗೆ ಬಡಿಸಲು ಬಗ್ಗಿದಳು. ಗಂಡನ ಎಡಗಿವಿಗೂ ಅವಳ ಬಾಯಿಗೂ ನಡುವೆ ಒಂದು ಗೇಣಿತ್ತು. ಅವನು ಊಟಕ್ಕೆ ಶುರುಮಾಡಿದ್ದ.

"ಅವತ್ತು ಒಳಗೆ ಕೇಳಿಸ್ತಾ?" ಎಂದು ಮೆಲ್ಲಗೆ ಕೇಳಿದಳು.

ಸುಳ್ಳು ಹೇಳುವುದಕ್ಕೆ ಅದು ಒಳ್ಳೆಯ ಜಾಗ. ಕೇಳುವವಳೂ ಅದನ್ನೇ ಬೇಡುತ್ತಿದ್ದಳು.

"ಕೇಳಿಸ್ತು," ಎಂದರು ದೊಡ್ಡಣ್ಣ.

"ಮೊದಲನೇ ಏಟೇ?"

"ಅದಕ್ಕೆ ಮುಂಚೆ, ಅವರು ನಕ್ಕಿದ್ದೂ ಕೇಳಿಸ್ತು."

ಸೌಟು ತಟ್ಟೆಯ ಅಂಚಿಗೆ ತಗುಲಿ ಸಣ್ಣಗೆ ಸದ್ದಾಯಿತು. ಪಕ್ಕದಲ್ಲಿ ಅಳಿಯ, "ಉಪ್ಪು ಸರಿ ಇದೆಯಾ ಮಾವ?" ಎಂದು ದೊಡ್ಡದಾಗಿ ಕೇಳಿದ. ಅವರು ಸರಿ ಇದೆ ಎಂದು ತಲೆಯಾಡಿಸಿದರು. ಇನ್ನೂ ತುತ್ತು ಬಾಯಿಗೆ ಇಟ್ಟಿರಲಿಲ್ಲ. ಪುಟ್ಟಿ ಅಳಲಿಲ್ಲ, ಅಲ್ಲಿಂದ ಹೋಗಲೂ ಇಲ್ಲ. ಚಿಕ್ಕಂದಿನಲ್ಲಿ ಡಿಪೋದಿಂದ ಬಂದ ಗುರುತಿಲ್ಲದವರ ಪಕ್ಕ ಹೇಗೆ ನಿಲ್ಲುತ್ತಿದ್ದಳೋ ಹಾಗೆ ಅವರ ಪಕ್ಕ ನೆಟ್ಟಗೆ ನಿಂತಳು.

"ಸಾಕಾ?" ಎಂದಳು. "ಇನ್ನೂ ಸ್ವಲ್ಪ ಹಾಕ್ಲಾ ನಿಮಗೆ?"